ಮನೆ ಕೊಳ್ಳುವ ಮೊದಲು ತೀರಬೇಕಾದ ಲೆಕ್ಕ

'ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿಗೆ ದುಡ್ಡು ತಂದಿದಾನಂತೆ' ಎಂದು ಊರಲ್ಲಿ ಯಾರ ಬಗ್ಗೆಯಾದರೂ ಮಾತು ಬಂದರೆ ಕೇಳಿದವರು ಲೊಚಗುಟ್ಟುತ್ತಾರೆ. ಎರಡು ರೂಪಾಯಿ ಬಡ್ಡಿ ಮಾಮೂಲು, ಮೂರು ಜಾಸ್ತಿ, ಮೂರೂವರೆ ಅಂದರೆ ತೋಟ ಕೈಬಿಟ್ಟು ಹೋಗುವ ದಾರಿ. ಹಳ್ಳಿಯಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ಎಂದೇ ಹೇಳುವುದರಿಂದ ಅದರ ಬಿಸಿ ಥಟ್ಟನೆ ತಟ್ಟುತ್ತದೆ. ಅದೇ ಮೂರೂವರೆ ರೂಪಾಯಿ ಬೆಂಗಳೂರಿನ ಸಂಬಳದಾರನ ಕ್ರೆಡಿಟ್ ಕಾರ್ಡಿನ ಮೇಲೂ ಕೂತಿರುತ್ತದೆ. ವರ್ಷದ ಲೆಕ್ಕಕ್ಕೆ ತಂದರೆ ಶೇ 42. ಹಲವು ಬ್ಯಾಂಕುಗಳ ಕಾರ್ಡಿನ ಬಡ್ಡಿ ಶೇ 36ರಿಂದ 45ರ ನಡುವೆ ಇದೆ. ಶೇ 30ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ವಿಪರೀತ ಬಡ್ಡಿ ನಿಷೇಧಿಸಲೆಂದೇ ಕರ್ನಾಟಕ 2004ರಲ್ಲಿ ಮಾಡಿದ ಕಾಯ್ದೆ ಖಾಸಗಿ ಲೇವಾದೇವಿಯವನ ಬೆನ್ನು ಹತ್ತುತ್ತದೆಯೇ ಹೊರತು ಬ್ಯಾಂಕಿನ ಕಾರ್ಡಿನ ತಂಟೆಗೆ ಹೋಗುವುದಿಲ್ಲ.

ಮನೆ ಕೊಳ್ಳುವ ವಿಚಾರ ಹೇಳಬೇಕಾದಲ್ಲಿ ಕಾರ್ಡಿನ ಕತೆ ಏಕೆ ಎನ್ನಬಹುದು. ಮನೆಯ ದಾರಿ ಶುರುವಾಗುವುದೇ ಅಲ್ಲಿಂದ. ವಾರಾಂತ್ಯದಲ್ಲಿ ಫ್ಲ್ಯಾಟ್ ನೋಡಲು ಹೋಗುವ ಮಧ್ಯಮ ವರ್ಗದವರ ಜೇಬಿನಲ್ಲಿ ಬ್ರೋಷರ್ ಜೊತೆಗೆ ಒಂದೆರಡು ಹಳೆಯ ಸಾಲಗಳೂ ಇರುತ್ತವೆ. ಮನೆಯ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಈ ಸಾಲಗಳು ಆ ಮನೆಯನ್ನು ಎಷ್ಟು ದೂರ ತಳ್ಳಿವೆ ಎಂದು ಕೇಳಿಕೊಳ್ಳುವವರು ಕಡಿಮೆ.

ಲೆಕ್ಕ ಕೈಗೆ ಸಿಗಲಿ ಎಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಇಬ್ಬರದ್ದೂ ಸೇರಿ ಕೈಗೆ ಬರುವ ಸಂಬಳ 85,000 ರೂಪಾಯಿ. ನಾಗಸಂದ್ರದ ಕಡೆ ಬಾಡಿಗೆ ಮನೆ, ತಿಂಗಳಿಗೆ 18,000. ಇವರ ಸಾಲ ಹೀಗಿದೆ: ಕಾರ್ಡಿನಲ್ಲಿ 1.20 ಲಕ್ಷ, ಶೇ 14ರ ಪರ್ಸನಲ್ ಲೋನಿನಲ್ಲಿ ಬಾಕಿ 3 ಲಕ್ಷ, ಇನ್ನು 36 ಕಂತು, ಕಂತಿಗೆ 10,250, ಬೈಕಿನ ಸಾಲ 60,000, ಕಂತು 4,000, ನಾದಿನಿಯ ಮದುವೆಗೆ ಒಡವೆ ಗಿರವಿ ಇಟ್ಟು ತಂದದ್ದು 1.50 ಲಕ್ಷ, ಬಡ್ಡಿ ಶೇ 10. ಭಾವಮೈದುನನಿಂದ ಕೈಸಾಲ 1 ಲಕ್ಷ, ಬಡ್ಡಿಯಿಲ್ಲ. ಒಟ್ಟು 7.30 ಲಕ್ಷ. ಇದರಲ್ಲಿ ಯಾವುದೂ ಐಷಾರಾಮದ ಸಾಲವಲ್ಲ. ಮದುವೆ, ಆಸ್ಪತ್ರೆ, ಶಾಲೆಯ ಡೊನೇಷನ್, ಬೈಕು ಎಂದು ಎಲ್ಲರ ಮನೆಯಲ್ಲೂ ಇರುವಂಥವೇ.

ಕಾರ್ಡಿನ ಬಿಲ್ಲು ಬಂದಾಗ ಇವರು 'ಮಿನಿಮಮ್ ಡ್ಯೂ' ಕಟ್ಟುತ್ತಾರೆ. ಸಾಮಾನ್ಯವಾಗಿ ಅದು ಬಾಕಿಯ ಶೇ 5ರಷ್ಟು, ಅಂದರೆ 6,000 ರೂಪಾಯಿ. ಕಟ್ಟಿದ ಸಮಾಧಾನ ಸಿಗುತ್ತದೆ, ಬ್ಯಾಂಕಿನಿಂದ ಫೋನ್ ಬರುವುದಿಲ್ಲ. ಆದರೆ 1.20 ಲಕ್ಷಕ್ಕೆ ತಿಂಗಳ ಬಡ್ಡಿಯೇ 4,200. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದು 756. ಎರಡೂ ಸೇರಿ 4,956 ಹೋದರೆ ಅಸಲಿನಲ್ಲಿ ಕರಗಿದ್ದು ಬರೀ 1,044 ರೂಪಾಯಿ. ಇಷ್ಟಕ್ಕೇ ನಿಲ್ಲುವುದಿಲ್ಲ. ಬಾಕಿ ಉಳಿಸಿಕೊಂಡಿರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳ ಸೌಲಭ್ಯವೂ ಇಲ್ಲ. ಇವತ್ತು ಕಾರ್ಡು ಉಜ್ಜಿ ತಂದ ಅಕ್ಕಿ ಮೂಟೆಗೆ ಇವತ್ತಿನಿಂದಲೇ ಮೂರೂವರೆ ರೂಪಾಯಿ ಬಡ್ಡಿ ಓಡುತ್ತದೆ.

ಈಗ ಇದೇ ದಂಪತಿ ಗೃಹಸಾಲಕ್ಕೆಂದು ಬ್ಯಾಂಕಿಗೆ ಹೋಗಿದ್ದಾರೆ ಎನ್ನೋಣ. ಮ್ಯಾನೇಜರ್ ಮೊದಲು ನೋಡುವುದು ಸಂಬಳದಲ್ಲಿ ಎಷ್ಟು ಭಾಗ ಈಗಾಗಲೇ ಕಂತಿಗೆ ಹೋಗುತ್ತಿದೆ ಎಂಬುದನ್ನು. ಎಲ್ಲ ಕಂತುಗಳೂ ಸೇರಿ ಕೈಸಂಬಳದ ಅರ್ಧ ದಾಟಬಾರದು ಎಂಬುದು ಬ್ಯಾಂಕುಗಳು ಸಾಮಾನ್ಯವಾಗಿ ಹಿಡಿಯುವ ಅಳತೆ. 85,000ದ ಅರ್ಧ 42,500. ಇದರಲ್ಲಿ ಪರ್ಸನಲ್ ಲೋನ್ ಮತ್ತು ಬೈಕಿನ ಕಂತು 14,250 ಕಳೆದರೆ ಗೃಹಸಾಲದ ಕಂತಿಗೆ ಉಳಿಯುವುದು 28,250. ಶೇ 8ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ಲಕ್ಷಕ್ಕೆ ಸುಮಾರು 836 ರೂಪಾಯಿ ಕಂತು. ಹಾಗಾಗಿ ಇವರಿಗೆ ಸಿಗುವ ಸಾಲ 34 ಲಕ್ಷದೊಳಗೆ. ಆ ಎರಡು ಕಂತುಗಳು ಇಲ್ಲದಿದ್ದರೆ 50 ಲಕ್ಷ ದಾಟುತ್ತಿತ್ತು. ಅಂದರೆ 3.60 ಲಕ್ಷದ ಚಿಲ್ಲರೆ ಸಾಲ 17 ಲಕ್ಷದ ಗೃಹಸಾಲವನ್ನು ನುಂಗಿ ಕೂತಿದೆ. ಸಿಗುವುದೆಲ್ಲವನ್ನೂ ತೆಗೆದುಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ, 85,000 ಸಂಬಳಕ್ಕೆ 50 ಲಕ್ಷದ ಸಾಲ ಹುಚ್ಚುತನ. ಸಣ್ಣ ಸಾಲದ ತೂಕ ಅದರ ಮೊತ್ತದಲ್ಲಿಲ್ಲ, ಅದರ ಕಂತಿನಲ್ಲಿದೆ ಎಂಬುದು ಬ್ಯಾಂಕಿನ ಮೇಜಿನ ಮುಂದೆ ಕೂತಾಗಲೇ ಗೊತ್ತಾಗುವುದು.

ಹಾಗಾದರೆ ಯಾವ ಸಾಲ ಮೊದಲು ತೀರಿಸಬೇಕು? ಹೆಚ್ಚು ಬಡ್ಡಿಯದ್ದು ಮೊದಲು ಎನ್ನುವುದು ಲೆಕ್ಕದ ಉತ್ತರ. ಚಿಕ್ಕದನ್ನು ಮೊದಲು ಮುಗಿಸಿ ಒಂದೊಂದೇ ಹೆಸರು ಹೊಡೆದು ಹಾಕಿ, ಹುಮ್ಮಸ್ಸು ಬರುತ್ತದೆ ಎನ್ನುವುದು ಮನಸ್ಸಿನ ಉತ್ತರ. ಎರಡರಲ್ಲೂ ಹುರುಳಿದೆ. ಆದರೆ ಕಾರ್ಡಿನ ಸಾಲ ಇರುವ ಮನೆಯಲ್ಲಿ ಈ ಚರ್ಚೆಗೆ ಅರ್ಥವಿಲ್ಲ. ಶೇ 42ರ ಬಡ್ಡಿ ಪಕ್ಕದಲ್ಲಿ ಉರಿಯುತ್ತಿರುವಾಗ ಶೇ 12ರ ಬೈಕಿನ ಸಾಲ ತೀರಿಸಿ ಖುಷಿಪಡುವುದು ತನಗೆ ತಾನೇ ಮೋಸ ಮಾಡಿಕೊಂಡ ಹಾಗೆ.

ನಮ್ಮ ಮನೆಗಳಲ್ಲಿ ಇದಕ್ಕೊಂದು ದಾರಿ ಇದೆ, ಬೀರುವಿನಲ್ಲಿರುವ ಬಂಗಾರ. ಚಿನ್ನದ ಬೆಲೆ ಏರಿರುವ ಪರಿಯಲ್ಲಿ, ಹಿಂದೆ 1.50 ಲಕ್ಷಕ್ಕೆ ಗಿರವಿ ಇಟ್ಟ ಅದೇ ಸರ, ಅದೇ ಬಳೆಗಳಿಗೆ ಬ್ಯಾಂಕ್ ಇಂದು ಹೆಚ್ಚು ಕೊಡುತ್ತದೆ. ಆ ಗಿರವಿಯ ಮೇಲೆ ಇನ್ನೂ 1.20 ಲಕ್ಷ ತೆಗೆದು ಕಾರ್ಡನ್ನು ಪೂರ್ತಿ ತೀರಿಸಿದರೆ, ತಿಂಗಳಿಗೆ ಸುಮಾರು 5,000 ಇದ್ದ ಬಡ್ಡಿ 1,000ಕ್ಕೆ ಇಳಿಯುತ್ತದೆ. ಸಾಲ ಒಂದು ರೂಪಾಯಿಯೂ ಕಮ್ಮಿಯಾಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ, ಆದರೂ ತಿಂಗಳಿಗೆ 4,000 ಉಳಿಯಿತು. ಅಪಾಯ ಇರುವುದು ಮುಂದಿನ ತಿಂಗಳಲ್ಲಿ. ಕಾರ್ಡು ಖಾಲಿ ಇದೆಯಲ್ಲ ಎಂದು ಮತ್ತೆ ಉಜ್ಜಿದರೆ ಒಡವೆಯೂ ಬ್ಯಾಂಕಿನಲ್ಲಿ, ಕಾರ್ಡಿನ ಸಾಲವೂ ತಲೆಯ ಮೇಲೆ. ಈ ಕೆಲಸ ಮಾಡುವವರು ಕಾರ್ಡನ್ನು ರದ್ದು ಮಾಡಲಿ, ಇಲ್ಲವೇ ಮಿತಿಯನ್ನು 20,000ಕ್ಕೆ ಇಳಿಸಿಕೊಳ್ಳಲಿ. ಮನಸ್ಸಿನ ಮೇಲೆ ಹಿಡಿತವಿದೆ ಎಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ.

ಇನ್ನು ಕೈಸಾಲ. ಕಾಗದದ ಲೆಕ್ಕದಲ್ಲಿ ಅದು ಕೊನೆಗೆ ಬರಬೇಕು, ಬಡ್ಡಿಯೇ ಇಲ್ಲವಲ್ಲ. ಆದರೆ ಭಾವಮೈದುನನ ಮನೆಯ ನಾಮಕರಣಕ್ಕೆ ಹೋದಾಗ ಅವನ ಹೆಂಡತಿ ಊಟ ಬಡಿಸುತ್ತಾ, 'ಏನ್ ಅತ್ತಿಗೆ, ಹೊಸ ಸೀರೆ ಚೆನ್ನಾಗಿದೆ' ಅಂದರೆ ಅದರಲ್ಲಿ ಬಡ್ಡಿ ಇದೆ. ಅಂಥ ಸಾಲಕ್ಕೆ ತಿಂಗಳಿಗೆ ಎರಡು ಸಾವಿರವಾದರೂ ತಪ್ಪದೆ ಕೊಡುತ್ತಾ ಬರುವುದು ಒಳ್ಳೆಯದು. ಕೊಟ್ಟವರಿಗೆ ಮೊತ್ತಕ್ಕಿಂತ ನೆನಪಿದೆ ಎಂಬ ಸಂಗತಿ ಮುಖ್ಯ. ಮುಂದೆ ಮನೆ ಕೊಳ್ಳುವಾಗ ಕೊನೇ ಗಳಿಗೆಯಲ್ಲಿ ಐವತ್ತು ಸಾವಿರ ಸಾಲದೆ ಬಂದರೆ ಫೋನ್ ಮಾಡಬೇಕಾಗುವುದೂ ಇವರಿಗೇ.

ಒಟ್ಟು ತಿಂಗಳಿಗೆ 27,000 ರೂಪಾಯಿಯನ್ನು ಸಾಲಕ್ಕೆಂದೇ ಎತ್ತಿಟ್ಟರೆ ಈ ಕುಟುಂಬ ಸುಮಾರು ಎರಡೂವರೆ ವರ್ಷದಲ್ಲಿ ಋಣಮುಕ್ತ. ಈಗಲೇ ಅವರು ಕಟ್ಟುತ್ತಿರುವುದು 21,500; ಹೊಸದಾಗಿ ಹೊಂದಿಸಬೇಕಾದದ್ದು 5,500. ಒಂದು ಮಾತು: ಎಲ್ಲವನ್ನೂ ಸಾಲಕ್ಕೆ ಸುರಿಯುವ ಮೊದಲು ಬ್ಯಾಂಕಿನಲ್ಲಿ ಒಂದೆರಡು ತಿಂಗಳ ಖರ್ಚು ಇರಬೇಕು. ಅದಿಲ್ಲದಿದ್ದರೆ ಮಗುವಿಗೆ ಡೆಂಗಿ ಜ್ವರ ಬಂದ ವಾರವೇ ಕಾರ್ಡು ಮತ್ತೆ ಹೊರಗೆ ಬರುತ್ತದೆ.

ಸಾಲ ತೀರಿಸುವುದರಲ್ಲೂ ತಪ್ಪು ಬಾಗಿಲು ಒಂದಿದೆ. ಕಂತು ತಪ್ಪಿದವರಿಗೆ ವಸೂಲಿಯವರು ಕೊಡುವ ಆಮಿಷ: 'ಸರ್, ಅರ್ಧ ಕಟ್ಟಿ, ಸೆಟ್ಲ್ ಮಾಡ್ತೀವಿ.' ಅರ್ಧದಲ್ಲಿ ಮುಗಿಯುವುದು ನಿಜ. ಆದರೆ ಸಿಬಿಲ್ ವರದಿಯಲ್ಲಿ ಆ ಖಾತೆಯ ಎದುರು 'ಕ್ಲೋಸ್ಡ್' ಎಂದಲ್ಲ, 'ಸೆಟ್ಲ್ಡ್' ಎಂದು ಬೀಳುತ್ತದೆ. ಗೃಹಸಾಲ ಕೊಡುವ ಬ್ಯಾಂಕಿಗೆ ಅದರ ಅರ್ಥ, ಈತ ಒಮ್ಮೆ ಪೂರ್ತಿ ಕೊಟ್ಟಿಲ್ಲ ಎಂದು. ಗತಿಯೇ ಇಲ್ಲದವರಿಗೆ ಅದು ಪರಿಹಾರ. ಮೂರು ವರ್ಷದಲ್ಲಿ ಮನೆ ಕೊಳ್ಳಬೇಕು ಎಂದುಕೊಂಡವರಿಗೆ ಅಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆ ಕೊಡಬೇಕು. ತೆಗೆಸಿ ಓದಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ದೂರು ಕೊಡಿ; 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗೆಯೇ ಪ್ರತಿ ಸಾಲ ಮುಗಿದಾಗಲೂ ಬಾಕಿಯಿಲ್ಲ ಎಂಬ ಪತ್ರ ಕೈಗೆ ಬರಬೇಕು. ಬೈಕಿನ ಸಾಲ ತೀರಿ ವರ್ಷಗಳಾದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಕೂತಿರುವ ಮನೆಗಳು ಎಷ್ಟೋ ಇವೆ.

ಹಳ್ಳಿ, ಸಣ್ಣ ಪಟ್ಟಣಗಳಲ್ಲಿ ಚಿತ್ರ ಬೇರೆ. ಅಲ್ಲಿ ಕಾರ್ಡಿನ ಜಾಗದಲ್ಲಿ ಸಂಘದ ಸಾಲ, ವಾರದ ಕಂತು. ಒಂದು ಸಂಘದ ಕಂತು ಕಟ್ಟಲು ಇನ್ನೊಂದರಲ್ಲಿ ಎತ್ತುವುದು, ಅದಕ್ಕೆ ಮೂರನೆಯದರಲ್ಲಿ. ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೆಗೆ ಬೀಗ ಜಡಿಯುವವರಿಗೆ ಇದು ಭಯ ಹುಟ್ಟಿಸಬಹುದು. ಆದರೆ ನಾಲ್ಕು ಸಂಘಗಳ ಸಾಲದ ಸರಪಣಿ ಬಿಡಿಸುವ ಕೆಲಸ ಕಾಯ್ದೆಯದ್ದಲ್ಲ.

ಸಾಲ ತೀರಿತು. ಇಲ್ಲಿ ಬಹಳ ಮಂದಿ ಜಾರುತ್ತಾರೆ. ಕೊನೆಯ ಕಂತು ಕಟ್ಟಿದ ತಿಂಗಳಲ್ಲೇ ದೊಡ್ಡ ಟಿವಿ, ಅದರ ಮುಂದಿನ ತಿಂಗಳು ಸೆಕೆಂಡ್ ಹ್ಯಾಂಡ್ ಕಾರು. ಎರಡೂವರೆ ವರ್ಷ 27,000 ರೂಪಾಯಿ ಇಲ್ಲದೆ ಬದುಕಿದ ಸಂಸಾರಕ್ಕೆ ಇನ್ನು ನಾಲ್ಕು ವರ್ಷ ಅದಿಲ್ಲದೆ ಬದುಕುವುದು ಅಸಾಧ್ಯವಲ್ಲ. ಸಂಬಳ ಬಿದ್ದ ಮರುದಿನವೇ ಅಷ್ಟೂ ಹಣ ಆರ್‌ಡಿಗೆ ಹೋಗುವಂತೆ ಮಾಡಿದರೆ, ಶೇ 6.5ರ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ 14.5 ಲಕ್ಷ ದಾಟುತ್ತದೆ. ನಾಲ್ಕೇ ವರ್ಷದಲ್ಲಿ ಬೇಕಾಗುವ ದುಡ್ಡನ್ನು ಷೇರು ಪೇಟೆಗೆ ಒಡ್ಡಬಾರದು ಎಂಬುದು ನನ್ನ ಪಕ್ಷ. ಹತ್ತು ವರ್ಷದ ಮಾತಾದರೆ ಬೇರೆ.

ಇಷ್ಟು ಹಣ ಬೇಕೇ ಬೇಕೆ? 50 ಲಕ್ಷದ ಫ್ಲ್ಯಾಟು ಎಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ 80ರವರೆಗೆ, ಅದಕ್ಕೂ ಮೇಲೆ ಶೇ 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಇವರಿಗೆ 40 ಲಕ್ಷ ಸಿಗುತ್ತದೆ, 10 ಲಕ್ಷ ಕೈಯಿಂದ, ಬ್ಯಾಂಕಿನವರ ಮಾತಿನಲ್ಲಿ ಮಾರ್ಜಿನ್ ಹಣ. ನೋಂದಣಿಯ ಖರ್ಚು ಈ ಬೆಲೆಯೊಳಗೆ ಸೇರುವುದಿಲ್ಲ. ಕರ್ನಾಟಕದಲ್ಲಿ 45 ಲಕ್ಷ ದಾಟಿದರೆ ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಸೆಸ್ಸು, ನಗರದಲ್ಲಾದರೆ ಸರ್‌ಚಾರ್ಜು. ಶೇ 1 ಇದ್ದ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎಲ್ಲ ಕೂಡಿದರೆ ಶೇ 7.6, ಅಂದರೆ 3.80 ಲಕ್ಷ. ಕಟ್ಟಡ ಇನ್ನೂ ಮುಗಿದಿಲ್ಲದಿದ್ದರೆ ಶೇ 5 ಜಿಎಸ್‌ಟಿ, ಇನ್ನೊಂದು 2.50 ಲಕ್ಷ. ಸ್ವಾಧೀನಾನುಭವ ಪತ್ರ (ಒಸಿ) ಬಂದ ಮನೆಗೆ ಅದಿಲ್ಲ. ಜೊತೆಗೆ ವಕೀಲರ ಶುಲ್ಕ, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಬೆಸ್ಕಾಂ ಮತ್ತು ಜಲಮಂಡಳಿಯ ಹೆಸರಿನಲ್ಲಿ ಬಿಲ್ಡರ್ ಕೇಳುವ ಮೊತ್ತ. ಹದಿನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲ, ಹದಿನೇಳು ಆದರೂ ಆಶ್ಚರ್ಯವಿಲ್ಲ. ಬಾಡಿಗೆ ಮನೆಗೆ ಕೊಟ್ಟ ಹತ್ತು ತಿಂಗಳ ಅಡ್ವಾನ್ಸ್ 1.80 ಲಕ್ಷ ಮಾಲೀಕರ ಬಳಿ ಬಡ್ಡಿಯಿಲ್ಲದೆ ಕೂತಿದೆ. ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದು ಬರುತ್ತದೆ, ಅದೂ ಮನೆ ಖಾಲಿ ಮಾಡಿದ ಮೇಲೆ.

ಸೈಟ್ ಆಫೀಸಿನ ಹುಡುಗ ಈ ಹದಿನಾಲ್ಕು ಲಕ್ಷವನ್ನು ಒಂದೇ ಮಾತಿನಲ್ಲಿ ಅಳಿಸಿಹಾಕುತ್ತಾನೆ.

'ಸರ್, ಮಾರ್ಜಿನ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಇವತ್ತು ಒಂದು ಲಕ್ಷ ಟೋಕನ್ ಹಾಕಿ. ಉಳಿದದ್ದಕ್ಕೆ ಪರ್ಸನಲ್ ಲೋನ್ ನಾವೇ ಮಾಡಿಸ್ಕೊಡ್ತೀವಿ.'

'ರೀ, ಎರಡು ಕಂತು ಆಗುತ್ತಲ್ಲ?' ಎಂದು ಹೆಂಡತಿ ಪಿಸುಗುಟ್ಟುತ್ತಾಳೆ.

'ಮೇಡಂ, ಬಾಡಿಗೆ ಉಳಿಯುತ್ತಲ್ವಾ!'

ಬಾಡಿಗೆ 18,000 ಉಳಿಯುತ್ತದೆ, ನಿಜ. 40 ಲಕ್ಷದ ಗೃಹಸಾಲಕ್ಕೆ ಶೇ 8ರಲ್ಲಿ ಕಂತು 33,500ರ ಹತ್ತಿರ. ಅದರ ಮೇಲೆ 10 ಲಕ್ಷದ ಪರ್ಸನಲ್ ಲೋನ್ ಶೇ 14ರಲ್ಲಿ ಐದು ವರ್ಷಕ್ಕೆ ತೆಗೆದರೆ 23,000 ದಾಟುತ್ತದೆ. ಅಪಾರ್ಟ್‌ಮೆಂಟಿನ ಮೆಂಟೇನೆನ್ಸ್ ಬೇರೆ. 85,000 ಸಂಬಳದಲ್ಲಿ ಮೂರನೇ ಎರಡು ಪಾಲು ಐದನೇ ತಾರೀಖಿನೊಳಗೆ ಖಾಲಿ. ಅಷ್ಟೂ ಸಾಲಗಳನ್ನು ಬೆವರು ಹರಿಸಿ ತೀರಿಸಿದ್ದು ಇದಕ್ಕಾಗಿಯೇ? ಮಾರ್ಜಿನ್ ಹಣ ಎಂಬುದು ಕೊಳ್ಳುವವನು ಉಳಿಸಬಲ್ಲನೇ ಎಂದು ನೋಡುವ ಪರೀಕ್ಷೆಯೂ ಹೌದು. ಅದನ್ನೂ ಸಾಲದಲ್ಲಿ ತುಂಬಿದವನು ಆ ಪರೀಕ್ಷೆಯನ್ನು ನಕಲು ಹೊಡೆದು ಪಾಸಾಗಿದ್ದಾನೆ ಅಷ್ಟೇ. ಅಂದಹಾಗೆ, ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆ ಹೇಳುತ್ತದೆ. ಟೋಕನ್ ಕೇಳುವ ಹುಡುಗನಿಗೆ ಇದನ್ನು ನೆನಪಿಸಿದರೆ ಅವನ ಉತ್ಸಾಹ ತುಸು ತಗ್ಗುತ್ತದೆ.

ಉಳಿಸುವ ವಿದ್ಯೆ ನಮಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟು ದಿನಾ ಅಂಗಡಿಗೆ, ಮನೆಬಾಗಿಲಿಗೆ ಬಂದು ಎರಡಾಣೆಯಿಂದ ಹಿಡಿದು ಸಂಗ್ರಹಿಸುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸಂಘಗಳಲ್ಲಿ ಇನ್ನೂ ಉಳಿದಿದೆ. ಅದರ ಜಾಣತನ ಇದ್ದದ್ದು ಬಡ್ಡಿಯಲ್ಲಲ್ಲ, ಹಣ ಕೈಯಲ್ಲಿ ನಿಲ್ಲುವ ಮೊದಲೇ ಎತ್ತಿಕೊಂಡು ಹೋಗುವುದರಲ್ಲಿ.

ಚೀಟಿಯೂ ಅದೇ ಕೆಲಸ ಮಾಡುತ್ತದೆ, ಜೊತೆಗೆ ಒಂದು ಮುಳ್ಳಿದೆ. ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತುವವನು ಸಾಲಗಾರ, ಕೊನೆಯವರೆಗೆ ಕಾಯುವವನು ಉಳಿತಾಯಗಾರ. ನೀವು ಯಾವುದು ಎಂದು ಸೇರುವಾಗಲೇ ಗೊತ್ತಿರಬೇಕು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿ ನಡೆಸುವವರು ಭದ್ರತೆ ಇಡಬೇಕು, ಕಮಿಷನ್‌ಗೆ ಶೇ 7ರ ಮಿತಿ ಇದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಚೀಟಿಗೆ ಇದ್ಯಾವುದೂ ಇಲ್ಲ, ಅಕ್ಕಪಕ್ಕದವರ ಮುಖ ನೋಡಿ ಹಾಕುವ ದುಡ್ಡು ಅದು. ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಸುದ್ದಿ ಪತ್ರಿಕೆಗಳ ಒಳಪುಟಕ್ಕೆ ಅಪರೂಪವೇನಲ್ಲ.

ಬೆಂಗಳೂರಿನಲ್ಲಿ ಉಳಿತಾಯಗಾರನನ್ನು ಸೆಳೆಯುವ ಇನ್ನೊಂದು ಬಲೆ ಭೋಗ್ಯ, ಜನರ ಬಾಯಲ್ಲಿ ಲೀಸು. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಮಾಲೀಕರಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಹೋಗುವಾಗ ಅಷ್ಟೂ ವಾಪಸು. ಲೆಕ್ಕ ಹಾಕಿದರೆ ಬಾಯಲ್ಲಿ ನೀರೂರುತ್ತದೆ. 18,000 ಬಾಡಿಗೆಯ ಮನೆಗೆ 15 ಲಕ್ಷ ಕೊಟ್ಟರೆ ವರ್ಷಕ್ಕೆ 2.16 ಲಕ್ಷ ಬಾಡಿಗೆ ಉಳಿಯಿತು, ಅಂದರೆ ಹಣಕ್ಕೆ ಶೇ 14.4 ಸಿಕ್ಕಂತೆ. ದೊಡ್ಡ ಬ್ಯಾಂಕುಗಳು ಠೇವಣಿಗೆ ಅದರ ಅರ್ಧಕ್ಕಿಂತ ಹೆಚ್ಚೇನೂ ಕೊಡುವುದಿಲ್ಲ.

ಆದರೆ ಲೆಕ್ಕವನ್ನು ಮಾಲೀಕನ ಕಡೆಯಿಂದ ಮಾಡಿ ನೋಡಿ. ಅವನು ಶೇ 14.4ರ ಬಡ್ಡಿಗೆ ಸಾಲ ತಂದ ಹಾಗಾಯಿತು. ಮನೆಯನ್ನೇ ಅಡಮಾನ ಇಟ್ಟರೆ ಬ್ಯಾಂಕಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಸಾಲ ಸಿಗುವಾಗ ಅವನೇಕೆ ಲೀಸಿಗೆ ಹಾಕುತ್ತಾನೆ? ಹಲವು ಸಲ ಉತ್ತರ ಒಂದೇ: ಬ್ಯಾಂಕಿನಲ್ಲಿ ಆಗಲೇ ತೆಗೆದಿದ್ದಾನೆ, ಇಲ್ಲವೇ ಬ್ಯಾಂಕ್ ಒಪ್ಪುವ ಕಾಗದ ಅವನ ಬಳಿ ಇಲ್ಲ. ಮನೆ ಮೊದಲೇ ಅಡಮಾನದಲ್ಲಿದ್ದು ಅವನು ಕಂತು ನಿಲ್ಲಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ಹರಾಜಿಗೆ ಹಾಕಬಹುದು. ಆಗ ಲೀಸಿನವರ ಕೈಯಲ್ಲಿ ಇರುವುದು ಸ್ಟ್ಯಾಂಪ್ ಪೇಪರ್ ಮೇಲಿನ ಒಂದು ಕರಾರು, ಬಹುತೇಕ ನೋಂದಣಿಯಾಗದ್ದು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು ಎಂದು ಕಾನೂನಿದ್ದರೂ ಶುಲ್ಕ ಉಳಿಸಲು ಇಬ್ಬರೂ ಅದನ್ನು ಮರೆಯುತ್ತಾರೆ. ಮನೆಗೆಂದು ನಾಲ್ಕು ವರ್ಷ ಕೂಡಿಟ್ಟ ಹಣವನ್ನು ಹೀಗೆ ಕೊಡುವವರು ಕನಿಷ್ಠ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ ಮನೆಯ ಮೇಲೆ ಏನೇನಿದೆ ನೋಡಲಿ, ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲಿ. ಅದಕ್ಕೆ ಮಾಲೀಕ ಒಪ್ಪದಿದ್ದರೆ ಬಾಡಿಗೆ ಕಟ್ಟುವುದೇ ಅಗ್ಗ.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಒಂದು ನ್ಯಾಯವಾದ ಪ್ರಶ್ನೆ ಎತ್ತುತ್ತಾರೆ. ಎರಡೂವರೆ ವರ್ಷ ಸಾಲ ತೀರಿಸಿ, ನಾಲ್ಕು ವರ್ಷ ಉಳಿಸುವ ಹೊತ್ತಿಗೆ 50 ಲಕ್ಷದ ಮನೆ 65 ಆಗಿರುವುದಿಲ್ಲವೇ? ಆಗಿರಬಹುದು. ಬೆಂಗಳೂರಿನ ಕೆಲವು ದಿಕ್ಕುಗಳಲ್ಲಿ ಅದಕ್ಕಿಂತ ಹೆಚ್ಚೂ ಆಗಿರಬಹುದು. ಕಾದವರಲ್ಲಿ ಕೆಲವರು ಪೀಣ್ಯದ ಬದಲು ನೆಲಮಂಗಲಕ್ಕೆ ಹೋಗಬೇಕಾಗುತ್ತದೆ, ಮೂರು ಕೋಣೆಯ ಆಸೆ ಎರಡಕ್ಕೆ ಇಳಿಯುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಮನೆಯ ಬೆಲೆ ಎಷ್ಟೇ ಓಡಿದರೂ ಕಾರ್ಡಿನ ಶೇ 42ರ ಜೊತೆ ಓಡಲಾರದು. ಸಂಬಳವೂ ಆರೂವರೆ ವರ್ಷ ನಿಂತಲ್ಲೇ ನಿಂತಿರುವುದಿಲ್ಲ, ಆ ಏರಿಕೆಯೂ ಉಳಿತಾಯಕ್ಕೆ ಸೇರಿದರೆ ಅವಧಿ ಕುಗ್ಗುತ್ತದೆ.

ಆತುರದಲ್ಲಿ ಅಂಚಿಗೆ ಬಂದು ಸಾಲ ಮಾಡಿದವರಿಗೆ 2022 ಏನು ಮಾಡಿತು ಎಂಬುದು ನೆನಪಿರಲಿ. ಕೊರೊನಾ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 4ಕ್ಕೆ ಇಳಿದು, ಗೃಹಸಾಲ ಶೇ 6.5ರ ಆಸುಪಾಸಿನಲ್ಲಿ ಸಿಗುತ್ತಿತ್ತು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 6.5 ಮುಟ್ಟಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಸಾಲಗಳು ಇಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುವುದರಿಂದ ಏರಿಕೆ ಪೂರ್ತಿಯಾಗಿ ಸಾಲಗಾರನ ತಲೆಗೆ ಬಂತು. 40 ಲಕ್ಷಕ್ಕೆ ಶೇ 6.5ರಲ್ಲಿ 20 ವರ್ಷದ ಕಂತು 29,823. ದರ ಶೇ 9 ಆದಾಗ ಅದೇ 40 ಲಕ್ಷಕ್ಕೆ ತಿಂಗಳ ಬಡ್ಡಿಯೇ 30,000. ಹೊಸದಾಗಿ ಸಾಲ ಮಾಡಿದವರ ಕಂತು ಬಡ್ಡಿಗೇ ಸಾಲದೆ ಹೋಯಿತು! ಅವಧಿ ಎಳೆದು ಎಳೆದು ಕೆಲವರ ಸಾಲ ನಿವೃತ್ತಿಯ ವಯಸ್ಸನ್ನೂ ದಾಟಿತು. ದರ ಬದಲಾದಾಗ ಕಂತು ಏರಿಸಬೇಕೇ, ಅವಧಿ ಹಿಗ್ಗಿಸಬೇಕೇ ಎಂದು ಸಾಲಗಾರನನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಹೇಳಬೇಕಾಯಿತು. 2025ರಲ್ಲಿ ದರ ಮತ್ತೆ ಇಳಿದು ಡಿಸೆಂಬರ್‌ಗೆ ಶೇ 5.25ಕ್ಕೆ ಬಂದಿದೆ. ಇಳಿದದ್ದು ಏರದೇ ಇರುವುದಿಲ್ಲ. ಹಾಗಾಗಿ ಇವತ್ತಿನ ಕಂತು ಎಷ್ಟು ಎಂದು ನೋಡಿದರೆ ಸಾಲದು, ಬಡ್ಡಿ ಇನ್ನೆರಡು ಶೇಕಡಾ ಹೆಚ್ಚಾದರೂ ಕಟ್ಟಬಲ್ಲೆನೇ ಎಂದು ನೋಡಬೇಕು.

ಸರ್ಕಾರದ ನೆರವು ಇಲ್ಲವೆಂದಲ್ಲ. ಪಿಎಂ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ, ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿದ್ದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರಿಗೆ ಐದು ಕಂತುಗಳಲ್ಲಿ 1.80 ಲಕ್ಷದವರೆಗೆ ಬಡ್ಡಿ ಸಹಾಯಧನವಿದೆ. ಆದರೆ ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ತುಮಕೂರು, ದಾವಣಗೆರೆ, ಹುಬ್ಬಳ್ಳಿಯಲ್ಲಿ ಅಂಥ ಮನೆ ಹುಡುಕಬಹುದು, ಬೆಂಗಳೂರಿನೊಳಗೆ ಕಷ್ಟ. ಗೃಹಸಾಲದ ಬಡ್ಡಿಗೆ 2 ಲಕ್ಷದವರೆಗಿನ ತೆರಿಗೆ ವಿನಾಯಿತಿ, ತಾವೇ ವಾಸಿಸುವ ಮನೆಯ ಮಟ್ಟಿಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ತೆರಿಗೆ ಉಳಿಯುತ್ತದೆ ಎಂದು ಮನೆ ಕೊಳ್ಳಿರಿ ಎನ್ನುವವರು ಇದನ್ನು ಹೇಳುವುದಿಲ್ಲ.

ಅಗ್ಗದ ರೆವಿನ್ಯೂ ಸೈಟಿನ ಬಗ್ಗೆಯೂ ಒಂದು ಮಾತು. ಕಾಗದ ಸರಿಯಿಲ್ಲದ ನಿವೇಶನಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಬೆಲೆ ಕಡಿಮೆ ಇರುವುದಕ್ಕೆ ಕಾರಣವೂ ಅದೇ. ಪೂರ್ತಿ ಹಣ ಕೈಯಿಂದಲೇ ಆಗಬೇಕಾದ್ದರಿಂದ ಜನ ಮತ್ತೆ ಪರ್ಸನಲ್ ಲೋನ್, ಒಡವೆ, ಕೈಸಾಲ ಎಂದು ಹೊರಟಲ್ಲಿಗೇ ಬರುತ್ತಾರೆ. ಮುಂದೆ ಮನೆ ಕಟ್ಟಲು ಹೋದಾಗಲೂ ಬ್ಯಾಂಕು ಬಾಗಿಲು ತೆರೆಯುವುದಿಲ್ಲ.

ಮನೆ ಬಂದ ಮೇಲಿನ ಮೊದಲ ವರ್ಷಗಳು ಮುಖ್ಯ. ಶೇ 8ರಲ್ಲಿ 20 ವರ್ಷ ಕಟ್ಟಿದರೆ 40 ಲಕ್ಷಕ್ಕೆ ಬಡ್ಡಿಯೇ 40 ಲಕ್ಷ ಚಿಲ್ಲರೆ ಆಗುತ್ತದೆ. ಆ ಬಡ್ಡಿಯ ಹೆಚ್ಚಿನ ಪಾಲು ಮೊದಲ ಅರ್ಧದಲ್ಲೇ ಹೋಗುವುದರಿಂದ ಆಗ ಕಟ್ಟಿದ ಹೆಚ್ಚುವರಿ ರೂಪಾಯಿಗೆ ಬೆಲೆ ಜಾಸ್ತಿ. ವರ್ಷಕ್ಕೆ ಒಂದು ಕಂತಿನಷ್ಟು ಹೆಚ್ಚು ಕಟ್ಟುತ್ತಾ ಹೋದರೆ ಸಾಲ ಮೂರು ವರ್ಷಕ್ಕೂ ಹೆಚ್ಚು ಬೇಗ ಮುಗಿಯುತ್ತದೆ. ಸ್ವಂತಕ್ಕೆ ಮಾಡಿದ ಫ್ಲೋಟಿಂಗ್ ದರದ ಗೃಹಸಾಲಕ್ಕೆ ಅವಧಿಗೆ ಮುನ್ನ ಕಟ್ಟಿದರೆ ದಂಡ ಹಾಕುವಂತಿಲ್ಲ, ಬೋನಸ್ ಬಂದ ತಿಂಗಳು ಯಾರನ್ನೂ ಕೇಳಬೇಕಿಲ್ಲ. ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನು 30 ದಿನದಲ್ಲಿ ಮರಳಿಸದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಆದರೆ ಬೋನಸ್ಸಿಗೆ ಕಾದು ಕೂತವರು ಬೇರೆಯವರೂ ಇರುತ್ತಾರೆ. ಕೀ ಕೈಗೆ ಬಂದ ವಾರವೇ ಇಂಟೀರಿಯರ್‌ನವರು ಬಂದು ಅಳತೆ ಹಿಡಿಯುತ್ತಾರೆ: ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್, ಎಲ್ಲ ಸೇರಿ ಆರು ಲಕ್ಷ, 'ನೋ ಕಾಸ್ಟ್ ಇಎಂಐ' ಇದೆ ಎನ್ನುತ್ತಾರೆ. ಬ್ಯಾಂಕಿನಿಂದ ಟಾಪ್‌ಅಪ್ ಲೋನಿನ ಫೋನು ಬರುತ್ತದೆ. ಗೃಹಪ್ರವೇಶಕ್ಕೆ ಮುನ್ನೂರು ಜನಕ್ಕೆ ಊಟ ಹಾಕದಿದ್ದರೆ ನೆಂಟರು ಏನಂದುಕೊಂಡಾರು ಎಂದು ಅತ್ತೆ ಕೇಳುತ್ತಾರೆ. ಊಟ ಹಾಕಲಿ, ನೂರು ಜನಕ್ಕೆ. ಕಿಚನ್ನು ಎರಡು ವರ್ಷ ಕಾಯಬಹುದು. ಬಾಡಿಗೆ ಮನೆಯಿಂದ ತಂದ ಸ್ಟೀಲ್ ಸ್ಟ್ಯಾಂಡು ಹೊಸ ಅಡುಗೆಮನೆಯ ಗೋಡೆಗೂ ಸರಿಯಾಗಿಯೇ ಕೂರುತ್ತದೆ.